ನೆಲವೇ ಡೊಂಕಾಗಿತ್ತು

ನನ್ನ ಗಿಟಾರ್ ವಾದನದ ಬಗ್ಗೆ ಮನೆಯಲ್ಲಿ ಎಲ್ಲರದೂ ಒಂದೇ ಅಭಿಪ್ರಾಯ. ಅದನ್ನು ಇಲ್ಲಿ ಬರೆಯುವುದು ಬೇಡ. ನಾನು ಮಾತ್ರ ತೊಂದರೆ ನನ್ನದಲ್ಲ, ಗಿಟಾರಿನದ್ದು ಎಂದು ಹೇಳುತ್ತಲೇ ಬಂದಿದ್ದೆ. ಹಾಗೆ ಹೇಳಿದಾಗಲೆಲ್ಲ ಹೆಂಡತಿ ಹುರುಳಿಕಾಯಿ ಹೆಚ್ಚುತ್ತ, ತಲೆಯನ್ನೂ ಎತ್ತದೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎನ್ನುತ್ತಿದ್ದಳು. ಈ ಗಾದೆ ಕಟ್ಟಿದವರು ಒಂದು ಸಲವಾದರೂ ಹೋಗಿ ಆ ನೆಲವನ್ನು ನೋಡಿಬಂದಿದ್ದರಾ ಅಂತ ನನಗೆ ಅನುಮಾನ.

ಗಿಟಾರ್ ನನ್ನ ಸೋದರಮಾವನದ್ದು. ಎಂಬತ್ತರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಕೆಲಸದಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಅದೇ ರಾಜ್ಯದಲ್ಲಿ ತಯಾರಾದ ಓವೇಷನ್ ಎಂಬ ಕಂಪನಿಯ ಗಿಟಾರ್, ಎಪ್ಪತ್ತರ ದಶಕದ್ದು. ಉಳಿದ ಗಿಟಾರ್‌ಗಳ ಹಾಗೆ ಇದರ ಬೆನ್ನು ಚಪ್ಪಟೆ ಅಲ್ಲ. ತಂಬೂರಿಯ ಬುರುಡೆಯ ಹಾಗೆ ಗುಂಡಗಿದೆ. ಮರವೂ ಅಲ್ಲ, ಫೈಬರ್‌ಗ್ಲಾಸ್ ಜಾತಿಯದು. ಇದನ್ನು ಹುಟ್ಟುಹಾಕಿದ ಚಾರ್ಲ್ಸ್ ಕಮಾನ್ ಹೆಲಿಕಾಪ್ಟರ್ ಕಟ್ಟುತ್ತಿದ್ದ ಎಂಜಿನಿಯರ್. 1945ರಲ್ಲಿ ಹೆಲಿಕಾಪ್ಟರ್ ಕಂಪನಿ ತೆರೆದವರು 1966ರಲ್ಲಿ ಗಿಟಾರಿಗೆ ಬಂದರು. ಅಲ್ಲಿ ನಡುಕ ನಿಲ್ಲಿಸುವುದು ಹೇಗೆ ಅಂತ ತಲೆ ಕೆಡಿಸಿಕೊಂಡವರು ಇಲ್ಲಿ ಅದನ್ನು ಬೆಳೆಸುವುದು ಹೇಗೆ ಅಂತ ಕೂತರು. ಎಲ್ಲ ಸರಿ, ಆದರೆ ಆ ನುಣುಪು ಬೆನ್ನು ತೊಡೆಯ ಮೇಲೆ ನಿಲ್ಲುವುದಿಲ್ಲ, ಜಾರುತ್ತದೆ. ಪಂಚೆ ಉಟ್ಟಾಗಂತೂ ಕೇಳಲೇಬೇಡಿ.

ಒಂದು ಭಾನುವಾರ ಉದ್ದ ಕೇಬಲ್ ಹಾಕಿ ಆಂಪ್ಲಿಫೈಯರನ್ನು ಮನೆಯ ಹಾಲ್‌ನಲ್ಲಿಟ್ಟೆ. ರೂಮಿನೊಳಗೆ ಕೂತು ನುಡಿಸುತ್ತಿದ್ದೆ. ಹಾಲಿನಿಂದ ಏಳು ವರ್ಷದ ಮಗಳು ಕೂಗಿದಳು: "ಅಪ್ಪಾ, ನಿನ್ ಹಾಡಿಗೆ ಹಲ್ಲು ಬಿದ್ದೋಗಿದೆ!" ಅವಳಿಗೂ ಆಗ ಮುಂದಿನ ಎರಡು ಹಲ್ಲು ಇರಲಿಲ್ಲ. ಹಾಗಾಗಿ ಮಾತಿಗೆ ತೂಕವಿತ್ತು.

ನನಗೆ ಇಷ್ಟು ದಿನ ಗೊತ್ತಾಗದಿರಲು ಕಾರಣವಿದೆ. ಕರೆಂಟಿಲ್ಲದೆಯೂ ಮೊಳಗುವ ಗಿಟಾರ್ ಇದು. ಎದೆಗೇ ಒತ್ತಿಕೊಂಡು ನುಡಿಸುವವನಿಗೆ ಆರೂ ತಂತಿ ಕೇಳುತ್ತವೆ. ಆಂಪ್ಲಿಫೈಯರ್ ಏನು ನುಂಗಿಕೊಂಡಿತು ಅಂತ ತಿಳಿಯುವುದೇ ಇಲ್ಲ. ಸರಿ, ಹೆಡ್‌ಫೋನ್ ಹಾಕಿ ಒಂದೊಂದೇ ತಂತಿ ಮೀಟಿದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಾಳೆಯ ಮೇಲೆ ಗುರುತು ಹಾಕಿದೆ. ಆರನೇದು ಇದೆ. ಐದನೇದು ಇಲ್ಲ. ನಾಲ್ಕು ಇದೆ, ಮೂರು ಇಲ್ಲ, ಎರಡು ಇದೆ, ಒಂದು ಇಲ್ಲ.

ಮೊದಲು ಎದೆ ಧಸಕ್ಕೆಂದಿತು. ಈ ಗಿಟಾರಿನಲ್ಲಿ ತಂತಿಗಳು ಕೂರುವ ಸ್ಯಾಡಲ್‌ನ ಅಡಿಯಲ್ಲಿ ಒಂದೊಂದು ತಂತಿಗೂ ಬೇರೆಯಾಗಿ ಒಂದು ಪೀಜೋ ಹರಳಿದೆ. ಅಡುಗೆಮನೆಯ ಗ್ಯಾಸ್ ಲೈಟರ್ ಟಕ್ ಅಂದಾಗ ಕಿಡಿ ಹಾರಿಸುವುದೂ ಇದೇ ಜಾತಿಯ ಹರಳು. ಒತ್ತಿದರೆ ಕರೆಂಟು ಹುಟ್ಟುತ್ತದೆ. ಇದನ್ನು 1880ರಲ್ಲಿ ಕಂಡುಹಿಡಿದವರು ಕ್ಯೂರಿ ಸಹೋದರರು. ಲೈಟರಿನಲ್ಲಿ ಹೆಬ್ಬೆರಳ ಒತ್ತು, ಇಲ್ಲಿ ತಂತಿಯ ನಡುಕ, ಅಷ್ಟೇ ವ್ಯತ್ಯಾಸ. ಲೈಟರ್ ಕೆಟ್ಟರೆ ಬೀದಿ ಕೊನೆಯ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಐವತ್ತು ವರ್ಷದ ಗಿಟಾರಿನ ಮೂರು ಹರಳು ಎಲ್ಲಿಂದ ತರಲಿ?

ರಾತ್ರಿ ಮಲಗಿದಾಗ ಹೊಳೆಯಿತು. ಒಂದು ಬಿಟ್ಟು ಒಂದು! ಕೆಡುವ ವಸ್ತು ಇಷ್ಟು ಶಿಸ್ತಾಗಿ ಕೆಡುವುದಿಲ್ಲ. ನಮ್ಮ ಮನೆಯಲ್ಲಂತೂ ಇಲ್ಲ.

ಬೆಳಿಗ್ಗೆ ಮಾವನಿಗೆ ಫೋನ್ ಮಾಡಿದೆ. "ಅಯ್ಯೋ, ಅದು ಸ್ಟೀರಿಯೊ ಕಣೋ! ಹೇಳಿರ್ಲಿಲ್ವಾ? ಆರು ನಾಲ್ಕು ಎರಡು ಒಂದು ಕಡೆ, ಐದು ಮೂರು ಒಂದು ಇನ್ನೊಂದು ಕಡೆ. ಎರಡು ಆಂಪ್ಲಿಫೈಯರ್ ಬೇಕು ಅದಕ್ಕೆ. ಕವಲಿರೋ ಕೇಬಲ್ ಒಂದಿತ್ತಲ್ಲ?" ಇತ್ತು. ಮಾವನ ಸಾಮಾನು ಬಂದ ದಿನದಿಂದ ಅದು ಅಟ್ಟದ ಮೇಲಿನ ಹಾಸಿಗೆ ಸುರುಳಿಯನ್ನು ಕಟ್ಟಿಕೊಂಡು ಕೂತಿತ್ತು. ರಬ್ಬರು ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು. ಕೈ ತೊಳೆಯಲು ಸೀಮೆಎಣ್ಣೆಯೇ ಬೇಕಾಯಿತು.

ಇಲ್ಲಿ ಸ್ವಲ್ಪ ಪಿನ್ನಿನ ಪುರಾಣ ಹೇಳಲೇಬೇಕು. ಗಿಟಾರಿಗೆ ಚುಚ್ಚುವ ಆ ದಪ್ಪ ಪಿನ್ನು ಹುಟ್ಟಿದ್ದು ಗಿಟಾರಿಗಾಗಿ ಅಲ್ಲ, ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿಗಾಗಿ. ಪಿನ್ನಿನ ಮೇಲೆ ಒಂದು ಕರಿ ಗೆರೆ ಇದ್ದರೆ ಮೋನೊ, ಅಂದರೆ ಸದ್ದಿಗೆ ಒಂದೇ ದಾರಿ; ಎರಡಿದ್ದರೆ ಸ್ಟೀರಿಯೊ, ಎರಡು ದಾರಿ. ಸ್ಟೀರಿಯೊದಲ್ಲಿ ತುದಿಗೆ ಟಿಪ್, ನಡುವಿನ ಬಳೆಗೆ ರಿಂಗ್, ಉಳಿದ ಉದ್ದಕ್ಕೆ ಸ್ಲೀವ್ ಅನ್ನುತ್ತಾರೆ. ಮೋನೊ ಪಿನ್ನಿಗೆ ರಿಂಗ್ ಇಲ್ಲ, ಅಲ್ಲೆಲ್ಲ ಸ್ಲೀವೇ. ಸ್ಟೀರಿಯೊ ಸಾಕೆಟ್ಟಿಗೆ ಮೋನೊ ಪಿನ್ ಚುಚ್ಚಿದರೆ ರಿಂಗಿಗೆ ಬಂದ ಸದ್ದೆಲ್ಲ ಗ್ರೌಂಡಿಗೆ, ಅಂದರೆ ಸ್ಲೀವಿನ ವೈರಿಗೆ, ಹೋಗಿ ಸೇರುತ್ತದೆ, ಕೇಳುವುದೇ ಇಲ್ಲ. ನನ್ನದು ಮೋನೊ ಕೇಬಲ್. ರೋಗ ಸಿಕ್ಕಿತು ಅಂತ ಕುಣಿದುಬಿಟ್ಟೆ.

ಮಾವನ ಕೇಬಲ್ ಚುಚ್ಚಿದೆ. ಈಗ ಆರೂ ತಂತಿ ಮೂಕ.

ಗಿಟಾರಿನ ಹೊಟ್ಟೆಗೆ ಕೈ ಹಾಕದೆ ದಾರಿ ಇರಲಿಲ್ಲ. ತಂತಿಗಳನ್ನು ಸಡಿಲಿಸಿ, ದುಂಡು ಕಿಂಡಿಯಿಂದ ಕೈ ತೂರಿಸಬೇಕು. ಉಪ್ಪಿನಕಾಯಿ ಭರಣಿಯ ತಳದ ಹೋಳಿಗೆ ಕೈ ಹಾಕಿದವರಿಗೆ ಈ ಭಂಗಿ ಗೊತ್ತು. ನಟ್ ಬಿಚ್ಚಿ ಸಾಕೆಟ್ಟನ್ನು ಒಳಗೆಳೆದು ಕಿಂಡಿಯಿಂದ ಹೊರಗೆ ತೆಗೆದೆ. ನೋಡಿದರೆ ಅದು ಹೊಸ ಸಾಕೆಟ್. ಯಾವುದೋ ಕಾಲದಲ್ಲಿ ಯಾರೋ ರಿಪೇರಿ ಮಾಡಿದ್ದಾರೆ. ಪಕ್ಕದಲ್ಲಿ ಒಂದು ವೈರು ಎಲ್ಲಿಗೂ ಸೇರದೆ, ತುದಿಗೆ ಕರಿ ಟೇಪ್ ಸುತ್ತಿಸಿಕೊಂಡು, ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ ಮೂಲೆಯಲ್ಲಿ ನಿಂತಿತ್ತು. ಐದು, ಮೂರು, ಒಂದರ ವೈರು ಅದೇ.

ಆ ಪುಣ್ಯಾತ್ಮನ ತಪ್ಪು ನನಗೆ ಅರ್ಥವಾಗುತ್ತದೆ. ಪೀಜೋದ ಸದ್ದು ನೇರವಾಗಿ ಕೇಬಲ್ಲಿಗೆ ಬಿಡುವಷ್ಟು ಗಟ್ಟಿ ಅಲ್ಲ. ಅದಕ್ಕೆ ಗಿಟಾರಿನೊಳಗೇ ಸದ್ದನ್ನು ಗಟ್ಟಿ ಮಾಡುವ ಒಂದು ಪುಟ್ಟ ಸರ್ಕ್ಯೂಟ್, ಪ್ರೀಆಂಪ್, ಇರುತ್ತದೆ, ಅದಕ್ಕೊಂದು 9 ವೋಲ್ಟ್ ಬ್ಯಾಟರಿ. ಇಂಥ ಎಷ್ಟೋ ಗಿಟಾರ್‌ಗಳಿಗೆ ಆನ್ ಆಫ್ ಸ್ವಿಚ್ಚೇ ಇರುವುದಿಲ್ಲ, ಕೇಬಲ್ ಚುಚ್ಚುವುದೇ ಸ್ವಿಚ್. ಬ್ಯಾಟರಿಯ ಕಪ್ಪು ವೈರನ್ನು ಸ್ಟೀರಿಯೊ ಸಾಕೆಟ್ಟಿನ ರಿಂಗಿಗೆ ಹಾಕಿರುತ್ತಾರೆ. ಮೋನೊ ಪಿನ್ ಒಳಗೆ ಹೋದ ತಕ್ಷಣ ಅದರ ಸ್ಲೀವ್ ರಿಂಗನ್ನು ಗ್ರೌಂಡಿಗೆ ಸೇರಿಸುತ್ತದೆ, ಪ್ರೀಆಂಪ್ ಎದ್ದು ಕೂರುತ್ತದೆ. ಕೇಬಲ್ ಕಿತ್ತರೆ ಮಲಗುತ್ತದೆ. ಚೆನ್ನಾದ ಉಪಾಯ, ಅಲ್ವಾ? ಅಂದರೆ, ಸಾಕೆಟ್ ಸ್ಟೀರಿಯೊ ಆದ ಮಾತ್ರಕ್ಕೆ ಗಿಟಾರ್ ಸ್ಟೀರಿಯೊ ಆಗಿರಬೇಕಿಲ್ಲ. ನಮ್ಮ ರಿಪೇರಿಯವನು ನೂರು ಗಿಟಾರ್‌ಗಳಲ್ಲಿ ಕಂಡದ್ದನ್ನೇ ಇದರಲ್ಲೂ ಮಾಡಿದ್ದಾನೆ. ಮಿಕ್ಕಿದ ವೈರಿಗೆ ಟೇಪ್ ಸುತ್ತಿದ್ದಾನೆ. ಮಾವನ ಕೇಬಲ್ಲಿಗೆ ಗಿಟಾರ್ ಯಾಕೆ ಮೂಕವಾಯಿತು ಅಂತಲೂ ಆಗ ತಿಳಿಯಿತು. ಸ್ಟೀರಿಯೊ ಪಿನ್ ರಿಂಗನ್ನು ಗ್ರೌಂಡಿಗೆ ಮುಟ್ಟಿಸುವುದಿಲ್ಲ. ಬ್ಯಾಟರಿ ಎದ್ದೇ ಇರಲಿಲ್ಲ.

ಹೊಸ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ರಾತ್ರಿ ಓದಿಕೊಂಡಿದ್ದ ಜ್ಞಾನವನ್ನೆಲ್ಲ ಸೇರಿಸಿ "ಕ್ವಾರ್ಟರ್ ಇಂಚ್ ಟಿಆರ್‌ಎಸ್ ಫೀಮೇಲ್ ಜ್ಯಾಕ್" ಅಂದೆ. ಅಂಗಡಿಯವರು ನನ್ನನ್ನೇ ನೋಡಿದರು. "ಪಿ ಥರ್ಟಿಎಯ್ಟ್ ಸ್ಟೀರಿಯೊ ಸಾಕೆಟ್ ಅನ್ನಿ ಸಾರ್" ಎಂದು ಎರಡು ಎತ್ತಿಕೊಟ್ಟರು, ಒಂದು ಕೆಟ್ಟರೆ ಇರಲಿ ಅಂತ. ನನ್ನ ಮುಖದಲ್ಲಿ ಏನು ಕಂಡರೋ. ಜೊತೆಗೆ ಬೆರಳುಗುರಿನಷ್ಟು ಒಂದು ಸ್ವಿಚ್ ತಂದೆ, ಬ್ಯಾಟರಿಗೆ ಬೇರೆಯಾಗಿ. ಟೇಪ್ ಬಿಚ್ಚಿದ ವೈರು ರಿಂಗಿಗೆ ಹೋಯಿತು. ಬೆಸುಗೆ ನೋಡಲು ಚೆನ್ನಾಗಿಲ್ಲ, ಆದರೆ ಮಲ್ಟಿಮೀಟರ್ ಬೀಪ್ ಅಂದಿತು. ನನಗೆ ಅಷ್ಟು ಸಾಕು.

ಕಷ್ಟ ಬಂದದ್ದು ಸಾಕೆಟ್ಟನ್ನು ವಾಪಸ್ ಅದರ ತೂತಿಗೆ ಕೂರಿಸುವಾಗ. ಒಳಗಿನಿಂದ ಹೊರಗೆ ತರಬೇಕು, ಕಣ್ಣಿಗೆ ಕಾಣುವುದಿಲ್ಲ. ಮುಕ್ಕಾಲು ಗಂಟೆ ನೋಡಿ ಹೆಂಡತಿ ಎದ್ದು ಬಂದಳು. ತೂತಿನಿಂದ ಒಂದು ದಾರ ಒಳಗೆ ಬಿಟ್ಟಳು, ಮಗಳ ಪುಟ್ಟ ಕೈ ಅದನ್ನು ಕಿಂಡಿಯಿಂದ ಎಳೆದುಕೊಂಡಿತು, ತುದಿಗೆ ಸಾಕೆಟ್ ಕಟ್ಟಿದಳು, ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ ಹೊರಗೆಳೆದಳು. ಎರಡು ನಿಮಿಷ. ಏನೂ ಮಾತಾಡದೆ ಹುರುಳಿಕಾಯಿಗೆ ವಾಪಸ್ ಹೋದಳು.

ಎರಡನೇ ಆಂಪ್ಲಿಫೈಯರನ್ನು ಮೇಲಿನ ಮನೆಯ ಹುಡುಗನಿಂದ ತಂದೆ. ಒಂದನ್ನು ಹಾಲಿನ ಈ ಗೋಡೆಗೆ, ಇನ್ನೊಂದನ್ನು ಆ ಗೋಡೆಗೆ ಹಾಕಿದೆ. ಗುಂಯ್ ಎಂದು ಶುರುವಾಯಿತು. ಎರಡು ಪ್ಲಗ್ಗಿನ ಅರ್ಥಿಂಗ್ ಗಿಟಾರಿನಲ್ಲಿ ಕೂಡಿ ಸುತ್ತು ಹಾಕಿದರೆ ಹೀಗಾಗುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ, ಬಹುಪಾಲು ಅಡಗಿತು. ಆದರೆ ಆ ಗುಂಯ್ಯನ್ನು ಕೇಳುತ್ತ ಒಂದು ತಮಾಷೆ ಹೊಳೆಯಿತು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅದು ಕೆಳಗಿನ ಜಿ ಸ್ವರಕ್ಕಿಂತ ಕೊಂಚ ಮೇಲಿದೆ. ಅಮೆರಿಕದ್ದು 60. ಮಾವನ ಮನೆಯಲ್ಲಿ ಇದೇ ಗಿಟಾರ್ ಬಿ ಸ್ವರದ ಕೊಂಚ ಕೆಳಗೆ ಗುಂಯ್ ಎಂದಿರಬೇಕು. ಗಿಟಾರಿನ ಶ್ರುತಿ ಬದಲಾಗಿಲ್ಲ, ಅದರ ಗೊಣಗಾಟದ ಶ್ರುತಿ ಬದಲಾಗಿದೆ.

ಆಮೇಲೆ ತಂತಿಗಳನ್ನು ಒಂದೊಂದಾಗಿ ಮೀಟಿದೆ. ಆರು ಈ ಗೋಡೆಯಲ್ಲಿ, ಐದು ಆ ಗೋಡೆಯಲ್ಲಿ, ನಾಲ್ಕು ಈ ಕಡೆ, ಮೂರು ಆ ಕಡೆ. ಸ್ವರ ಹಾಲಿನ ತುಂಬ ಕುಂಟೆಬಿಲ್ಲೆ ಆಡಿತು. ಮಗಳು ಅದರ ಹಿಂದೆಯೇ ಎಡಕ್ಕೂ ಬಲಕ್ಕೂ ಓಡಿದಳು. ಹೆಂಡತಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. "ನೆಲ ಡೊಂಕೇ ಆಗಿತ್ತು ಅಂತಾಯ್ತು" ಎಂದಳು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಇಂಥ ಮಾತು ನಾನು ಕೇಳಿಲ್ಲ. ಆ ಖುಷಿಯಲ್ಲಿ ಒಂದು ಹಾಡನ್ನು ಪೂರ್ತಿ ನುಡಿಸಿದೆ.

ನುಡಿಸಬಾರದಿತ್ತು. ರಾಗ ಹೆಚ್ಚಾಗಿ ಬರುವುದು ಒಂದನೇ ತಂತಿಯ ಮೇಲೆ. ಮುಂಚೆ ಉಳಿದ ತಂತಿಗಳ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದದ್ದು ಈಗ ಬಲಗೋಡೆಯಿಂದ, ಒಬ್ಬಂಟಿಯಾಗಿ, ಸ್ಫಟಿಕದ ಹಾಗೆ ಕೇಳುತ್ತಿದೆ. ಮಗಳು ಬಲಗಡೆಯ ಸ್ಪೀಕರಿಗೆ ಕಿವಿಯಿಟ್ಟು ನಿಂತಳು. "ಅಪ್ಪಾ, ತಪ್ಪೆಲ್ಲಾ ಈ ಡಬ್ಬದಿಂದಾನೇ ಬರ್ತಿದೆ."

ಹಳೇ ಮೋನೊ ಕೇಬಲನ್ನು ಎಲ್ಲಿಟ್ಟೆ ಅಂತ ಅವತ್ತಿನಿಂದ ಹುಡುಕುತ್ತಿದ್ದೇನೆ. ಹಾಸಿಗೆ ಸುರುಳಿಗೆ ಕಟ್ಟಿಲ್ಲ, ಅದನ್ನು ಆಗಲೇ ನೋಡಿಯಾಯಿತು.