ಸ್ಯೂಳನ್ನು ಮರೆತಿರಲ್ಲ!

ಅಮೆರಿಕದ ಕತೆಗಾರ ಓ. ಹೆನ್ರಿಯ ‘ಕೊನೆಯ ಎಲೆ’ ಕತೆಯ ಮುದುಕ ಬೆರ್ಮನ್‌ನ ತ್ಯಾಗದ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಕಾಯಿಲೆ ಬಿದ್ದ ಜಾನ್ಸಿಯನ್ನು ನೋಡಿಕೊಳ್ಳುವ ಗೆಳತಿ ಸ್ಯೂಗೆ ಒಂದೇ ಸಾಲು ಕೊಟ್ಟಿದ್ದು ಬೇಜಾರಾಯ್ತು. ನ್ಯುಮೋನಿಯಾ ಬಂದ ಜಾನ್ಸಿ ಉಳಿಯೋದು ಹತ್ತರಲ್ಲಿ ಒಂದು ಪಾಲು ಅಂತ ಡಾಕ್ಟರು ಹೇಳಿದ ಮೇಲೆ, ಒಬ್ಬಳೇ ಅತ್ತು ಮುಗಿಸಿ, ಶಿಳ್ಳೆ ಹಾಕುತ್ತಾ ಗೆಳತಿಯ ಕೋಣೆಗೆ ಹೋಗ್ತಾಳಲ್ಲ, ಅದೇನು ಕಡಿಮೆಯೇ? ಇನ್ನು ಆ ಮುದುಕ, ನಲವತ್ತು ವರ್ಷ ಕುಂಚ ಹಿಡಿದೂ ಹೆಸರು ಮಾಡದವನು (ಬಾಯಿ ಬೇರೆ ಬಲು ಜೋರು!), ಕಿಟಕಿಯಾಚೆಯ ಬಳ್ಳಿಯ ಕೊನೆಯ ಎಲೆ ಉದುರಿದರೆ ತಾನೂ ಸಾಯ್ತೀನಿ ಅಂತಿದ್ದ ಜಾನ್ಸಿಗಾಗಿ, ಮಳೆಯಲ್ಲಿ ಏಣಿ ಹತ್ತಿ ಗೋಡೆಯ ಮೇಲೆ ಬರೆದದ್ದು ಒಂದೇ ಎಲೆ; ಆಮೇಲೆ ತಾನೇ ನ್ಯುಮೋನಿಯಾದಿಂದ ತೀರಿಕೊಂಡ. ಹಸಿರು, ಹಳದಿ ಕಲಸಿದ ಬಣ್ಣದ ಹಲಗೆ, ನೆಂದು ತಣ್ಣಗಾದ ಬೂಟು ಕಣ್ಣಿಗೆ ಕಟ್ಟುತ್ತವೆ. ನನಗೆ ಗಂಟಲು ಕಟ್ಟೋದು ಮಾತ್ರ ಬೇರೆ ಕಡೆ: ಆ ಎಲೆ ಉದುರದ್ದು ನೋಡಿ ಬದುಕುವ ಆಸೆ ಮರಳಿದ ಜಾನ್ಸಿ ಸೂಪು, ಹಾಲು ಕೇಳಿದವಳು, ‘ಬೇಡ, ಮೊದಲು ಕೈಗನ್ನಡಿ ತಾ’ ಅನ್ನುವಾಗ.