ಚಿಂಚೋಳಿಯ ಪಟ್ಟೆ ಪ್ರಾಣಿ ಹುಲಿಯಲ್ಲ

‘ಚಿಂಚೋಳಿ ಕಾಡಿಗೆ ಹುಲಿ ಬಂದಿದೆ, ಚಂದ್ರಂಪಳ್ಳಿ ಡ್ಯಾಂ ಕಡೆ ಹೋಗಬೇಡಿ’ ಅಂತ ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೊ ಓಡಾಡುತ್ತಿದೆ. ಅದನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಬೂದು ಮೈ, ಕಪ್ಪು ಪಟ್ಟೆ, ಬೆನ್ನುದ್ದಕ್ಕೂ ಜೂಲು. ಮುಂಗಾಲಿಗಿಂತ ಹಿಂಗಾಲು ಗಿಡ್ಡ, ಅದಕ್ಕೇ ಬೆನ್ನು ಹಿಂದಕ್ಕೆ ಇಳಿಜಾರು. ಹುಲಿ ಹೀಗಿರುತ್ತದಾ? ಇದು ಕತ್ತೆಕಿರುಬ. ಸತ್ತ ದನದ ಎಲುಬನ್ನೂ ಬಿಡದೆ ಅರಗಿಸಿಕೊಳ್ಳುತ್ತದೆ. ಅದಕ್ಕೇ ಅದರ ಹಿಕ್ಕೆ ಒಣಗಿದರೆ ಸೀಮೆಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಓಡಾಟ ಜಾಸ್ತಿ ರಾತ್ರಿಯೇ, ಮನುಷ್ಯರ ಸಹವಾಸಕ್ಕೆ ಸುಮ್ನೆ ಬರುವುದಿಲ್ಲ.

2011ರಲ್ಲಿ ವನ್ಯಜೀವಿಧಾಮವಾದ ಈ ಒಣ ಕಾಡಿನಲ್ಲಿ ತೋಳ, ನರಿ, ಕೊಂಡುಕುರಿಯೂ ಇವೆ. ಹಗಲಲ್ಲಿ ಹೋಗಿ ಬನ್ನಿ. ಹುಷಾರಾಗಿರಬೇಕಾದ್ದು ಡ್ಯಾಂ ನೀರಿನ ಹತ್ತಿರ.