ಹಿಮದಲ್ಲಿ ಹೂತ ಹದ್ದು ಸತ್ತಿಲ್ಲ: ಒಂದು ಸ್ಪಷ್ಟನೆ

ಕುತ್ತಿಗೆಯವರೆಗೆ ಹಿಮ ಮುಚ್ಚಿಕೊಂಡು ಗೂಡಿನಲ್ಲಿ ಕುಳಿತ ಬಿಳಿತಲೆಯ ಹದ್ದಿನ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ‘ಮೊಟ್ಟೆ ಬಿಟ್ಟೇಳದೆ ತಾಯಿ ಹೆಪ್ಪುಗಟ್ಟಿ ಸತ್ತಿತು, ಕ್ಯಾಮೆರಾ ಇಟ್ಟವರು ನೋಡುತ್ತಾ ಕುಳಿತರು’ ಎಂಬ ಒಕ್ಕಣೆ ಸುಳ್ಳು.

ಅದು ಅಮೆರಿಕದ ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಕಣಿವೆಯ ಜಾಕಿ ಎಂಬ ಹೆಣ್ಣು ಹದ್ದು. 2024ರ ಫೆಬ್ರುವರಿಯ ಹಿಮಪಾತದಲ್ಲಿ ಎರಡು ದಿನಕ್ಕೂ ಹೆಚ್ಚು ಕಾಲ ಕಾವು ಬಿಟ್ಟು ಕದಲಲಿಲ್ಲ, ನಿಜ. ಆದರೆ ಅದು ಸಾಯಲಿಲ್ಲ. ಬೆನ್ನ ಮೇಲಿನ ಹಿಮ ಕರಗದೆ ಉಳಿದದ್ದನ್ನು ಗಮನಿಸಿ: ಒತ್ತಾದ ಗರಿಗಳು ಮೈಯ ಬಿಸಿಯನ್ನು ಹೊರಗೆ ಬಿಡುತ್ತಿಲ್ಲ ಎಂದರ್ಥ. ಹೊಟ್ಟೆಯ ಕೆಳಗಿನ ಗರಿಯಿಲ್ಲದ ಚರ್ಮ ನೇರವಾಗಿ ಮೊಟ್ಟೆಗೆ ತಾಗಿ ಕಾವು ಕೊಡುತ್ತದೆ. ಆ ವರ್ಷದ ಮೂರೂ ಮೊಟ್ಟೆಗಳು ಒಡೆದು ಮರಿಯಾಗಲಿಲ್ಲ. ಆ ನೋವು ನೋಡಿದವರಿಗೆಲ್ಲ ಇದೆ.

ಕ್ಯಾಮೆರಾದವರನ್ನು ದೂರುವುದು ಅನ್ಯಾಯ. ಗೂಡು ಪೈನ್ ಮರದ ತುದಿಯಲ್ಲಿ, ಸುಮಾರು 145 ಅಡಿ ಎತ್ತರದಲ್ಲಿದೆ. ಮನುಷ್ಯ ಹತ್ತಿದರೆ ಹಕ್ಕಿ ಬೆದರಿ ಏಳುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. ಹದ್ದುಗಳಿಗೆ ತೊಂದರೆ ಕೊಡುವುದನ್ನು ಅಮೆರಿಕದ ಕಾನೂನೂ ನಿಷೇಧಿಸಿದೆ.

2025ರ ಮಾರ್ಚ್‌ನಲ್ಲಿ ಇದೇ ಜಾಕಿ ಮತ್ತು ಸಂಗಾತಿ ಶ್ಯಾಡೊ ಮೂರು ಮರಿ ಮಾಡಿದವು. ಒಂದು ಬಿರುಗಾಳಿ-ಹಿಮಕ್ಕೆ ಬಲಿಯಾಯಿತು. ಸನ್ನಿ ಮತ್ತು ಗಿಜ್ಮೊ ಬೆಳೆದು ಜೂನ್‌ನಲ್ಲಿ ಗೂಡಿನಿಂದ ಹಾರಿದವು. ಆ ಸುಳ್ಳು ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ.